ಹಾಡದೆ ಬೆರಳಿಡುವ ದಾರಿ

ಜೂನ್ 3

ನಮಸ್ಕಾರ,

ಅಕ್ಷರ ನೋಡಿಯೇ ಯಾರೆಂದು ಗೊತ್ತಾಗಿರುತ್ತದೆ. ಇದು ಜಗಳಕ್ಕೆ ಬರೆದ ಕಾಗದ ಅಲ್ಲ, ರಾಜಿಗೂ ಅಲ್ಲ. ಎರಡು ವರ್ಷದ ಹಿಂದೆ ನೀವು ಮಾಡಿದ್ದನ್ನು ನಾನು ಮರೆತಿಲ್ಲ. ಮರೆತ ಹಾಗೆ ನಟಿಸುವಷ್ಟು ಪುರುಸೊತ್ತೂ ಈಗ ನನಗಿಲ್ಲ. ಒಂದು ಕೆಲಸ ಬಿದ್ದಿದೆ, ಅದಕ್ಕೆ ಬರೆಯುತ್ತಿದ್ದೇನೆ.

ಮನೆ ಬಿಟ್ಟು ಹೋಗುವಾಗ ನಿಮ್ಮ ಪಿಟೀಲನ್ನು ಬೀರುವಿನ ಮೇಲೇ ಬಿಟ್ಟು ಹೋದಿರಿ. ಹೋದ ಭಾನುವಾರ ಕುರ್ಚಿ ಹತ್ತಿ ಇಳಿಸಿದೆ. ಎರಡು ತಂತಿ ಕಿತ್ತುಹೋಗಿವೆ. ಕಮಾನಿನ ಕೂದಲು ಒಂದು ಕಡೆ ಪೂರ್ತಿ ಉದುರಿ ಮುದುಕನ ತಲೆಯ ಹಾಗಾಗಿದೆ. ತಂತಿ ಬಿಗಿಯುವ ಬಿರಡೆಗಳಲ್ಲಿ ಒಂದು ತಿರುಗುವುದೇ ಇಲ್ಲ, ಇನ್ನೊಂದು ತಿರುಗಿಸಿದ ಜಾಗದಲ್ಲಿ ನಿಲ್ಲುವುದಿಲ್ಲ. ಇದನ್ನು ಸರಿ ಮಾಡಿಕೊಂಡು ನಾನು ನುಡಿಸಲು ಕಲಿಯಬೇಕು ಎಂದಿದ್ದೇನೆ. ನಗಬೇಡಿ. ಐವತ್ತೆರಡಕ್ಕೆ ಯಾರಾದರೂ ಪಿಟೀಲು ಹಿಡಿಯುತ್ತಾರಾ ಎಂದು ನನ್ನ ತಂಗಿ ಆಗಲೇ ನಕ್ಕಾಗಿದೆ.

ಶಾಲೆಯಲ್ಲಿ ಮುಂದಿನ ವರ್ಷದಿಂದ ಹಾಡಿನ ಜೊತೆಗೆ ಒಂದು ವಾದ್ಯವನ್ನೂ ಕಲಿಸಬೇಕಂತೆ, ಹೆಡ್ ಮಿಸ್ ಹೇಳಿದ್ದಾರೆ. ಅದಕ್ಕೇ.

ಇನ್ನೊಂದು. ಒಂದನೇ ಕ್ಲಾಸಿನ ಮಕ್ಕಳಿಗೆ ಹದಿನಾಲ್ಕು ಪಾಠಗಳನ್ನು ಹಾಡಿ ರೆಕಾರ್ಡ್ ಮಾಡಿ ಇಡಬೇಕು. ಮನೆಯಲ್ಲೇ, ಫೋನಿನಲ್ಲೇ. ಎರಡು ಸಲ ಮಾಡಿ ನೋಡಿದೆ, ಬಚ್ಚಲಲ್ಲಿ ನಿಂತು ಕೂಗಿದ ಹಾಗೆ ಕೇಳುತ್ತದೆ. ನಿಮ್ಮ ಸ್ಟುಡಿಯೋದ ಮೆಟ್ಟಿಲು ನಾನು ಹತ್ತುವುದಿಲ್ಲ, ಅದು ನಿಮಗೂ ಗೊತ್ತು. ಆದ್ದರಿಂದ ಮೂರೇ ಪ್ರಶ್ನೆ: ವಾದ್ಯವನ್ನು ಹೇಗೆ ನೋಡಿಕೊಳ್ಳಬೇಕು, ಮೊದಲ ತಿಂಗಳು ಏನು ನುಡಿಸಬೇಕು, ಮನೆಯಲ್ಲಿ ಹೇಗೆ ರೆಕಾರ್ಡ್ ಮಾಡಬೇಕು. ಇಷ್ಟಕ್ಕೆ ಮಾತ್ರ ಉತ್ತರ ಬರೆಯಿರಿ.

ದಯವಿಟ್ಟು ಫೋನ್ ಮಾಡಬೇಡಿ. ಕಾಗದವಾದರೆ ಪಕ್ಕದಲ್ಲಿಟ್ಟುಕೊಂಡು ಮತ್ತೆ ಮತ್ತೆ ನೋಡಬಹುದು.

ಇಂತಿ,
ಟೀಚರ್

ತಾ.ಕ.: ಬೇಗ ಬರೆದರೆ ಒಳ್ಳೆಯದು. ಇಪ್ಪತ್ತೇಳನೇ ತಾರೀಖಿನೊಳಗೆ ಪಾಠಗಳು ಮುಗಿಯಬೇಕು. ಪುಟ್ಟಿಗೆ ನಾನು ಬರೆದದ್ದು ಹೇಳಬೇಡಿ, ಮಗಳು ಸುಮ್ಮನೆ ಇಲ್ಲದ್ದನ್ನೆಲ್ಲ ಕಟ್ಟಿಕೊಳ್ಳುತ್ತಾಳೆ.


ಜೂನ್ 7

ಪ್ರೀತಿಯ ಟೀಚರಮ್ಮನಿಗೆ,

‘ಪ್ರೀತಿಯ’ ಎಂದು ಬರೆದು, ಹೊಡೆದುಹಾಕಿ, ಮತ್ತೆ ಬರೆದಿದ್ದೇನೆ. ಇದು ಮೂರನೆಯ ಹಾಳೆ. ಮೊದಲಿನ ಎರಡರಲ್ಲಿ ನೀನು ಕೇಳದ ಮಾತುಗಳೇ ತುಂಬಿಕೊಂಡವು, ಕಸದ ಬುಟ್ಟಿಗೆ ಹಾಕಿದೆ. ಸ್ಟುಡಿಯೋದ ಗಾಜಿನ ಕೋಣೆಯಲ್ಲಿ ಕುಳಿತಿದ್ದೇನೆ. ಗಾಜಿನ ಆಚೆ ಡ್ರಮ್ ನುಡಿಸುವವನು ಒಂದು ಗಂಟೆಯಿಂದ ಒಂದೇ ಡ್ರಮ್ಮನ್ನು ಬಿಗಿ ಮಾಡುತ್ತಿದ್ದಾನೆ. ನನಗೂ ಕೂತಲ್ಲಿ ಕೂರಲಾಗುತ್ತಿಲ್ಲ. ನಾಲ್ಕು ಸಾಲು ಬರೆಯುವುದು, ಎದ್ದು ಒಂದು ಸುತ್ತು ಹಾಕುವುದು, ಮತ್ತೆ ಬಂದು ಕೂರುವುದು.

ಪಿಟೀಲನ್ನು ಬೀರುವಿನ ಮೇಲೆ ಇಟ್ಟದ್ದು ನನ್ನ ತಪ್ಪು. ಚಾವಣಿಯ ಬಿಸಿಗೆ ಮರ ಒಣಗಿ ಬಿರಿಯುತ್ತದೆ. ಕಿಟಕಿಯ ಬಿಸಿಲು, ಒಲೆಯ ಕಾವು ಎರಡೂ ತಾಗದ ಒಳಗೋಡೆಯ ಪಕ್ಕ ಇಡು. ಕಮಾನಿನ ಕೂದಲು ಉದುರಿದ್ದು ಹುಳುವಿನಿಂದ. ವರ್ಷಗಟ್ಟಲೆ ತೆಗೆಯದ ಪೆಟ್ಟಿಗೆಯ ಕತ್ತಲಲ್ಲಿ ಕಣ್ಣಿಗೆ ಕಾಣದಷ್ಟು ಸಣ್ಣ ಹುಳು ಸೇರಿ ಕೂದಲು ಮೇಯುತ್ತದೆ. ಪೆಟ್ಟಿಗೆಯನ್ನು ಒಂದು ದಿನ ಬಿಸಿಲಿಗೆ ಬಾಯಿ ತೆರೆದು ಇಡು. ಪೆಟ್ಟಿಗೆಯನ್ನು ಎಂದೆ, ಪಿಟೀಲನ್ನಲ್ಲ. ಕಮಾನಿಗೆ ವಾದ್ಯದಂಗಡಿಯಲ್ಲಿ ಹೊಸ ಕೂದಲು ಹಾಕಿಕೊಡುತ್ತಾರೆ. ಆ ಕೂದಲನ್ನು ಕೈಯಿಂದ ಮುಟ್ಟಬೇಡ, ಬೆರಳಿನ ಜಿಡ್ಡು ತಾಗಿದ ಕಡೆ ದನಿ ಜಾರುತ್ತದೆ.

ತಂತಿ ಬದಲಿಸುವಾಗ ನಾಲ್ಕನ್ನೂ ಒಟ್ಟಿಗೆ ಬಿಚ್ಚಬೇಡ. ಒಂದನ್ನು ತೆಗೆ, ಹೊಸದನ್ನು ಹಾಕಿ ಬಿಗಿ ಮಾಡು, ಆಮೇಲೆ ಇನ್ನೊಂದು. ತಂತಿಗಳನ್ನು ಎತ್ತಿ ಹಿಡಿದಿರುವ ಸಣ್ಣ ಮರದ ತುಂಡಿಗೆ ನಾವು ಕುದುರೆ ಎನ್ನುತ್ತೇವೆ. ಅದಕ್ಕೆ ಅಂಟಿಲ್ಲ, ಮೊಳೆಯಿಲ್ಲ. ತಂತಿಗಳ ಒತ್ತಡಕ್ಕೇ ನಿಂತಿದೆ. ನಾಲ್ಕೂ ಒಮ್ಮೆಗೇ ಸಡಿಲವಾದರೆ ಮಗುಚಿಕೊಳ್ಳುತ್ತದೆ. ಜಾರುವ ಬಿರಡೆಗೆ ಸೀಮೆಸುಣ್ಣ ಸವರು, ನಿನ್ನ ಚೀಲದಲ್ಲಿ ಅದಕ್ಕೇನು ಬರವಿಲ್ಲ. ಬಿಗಿದುಕೊಂಡ ಬಿರಡೆಗೆ ಪೆನ್ಸಿಲ್ಲಿನ ಸೀಸ ತಿಕ್ಕು. ತಿರುಗಿಸುವಾಗ ಒಳಕ್ಕೆ ಒತ್ತಿಕೊಂಡೇ ತಿರುಗಿಸಬೇಕು.

ಕಮಾನಿನ ಕೂದಲಿಗೆ ಹಚ್ಚುವ ರಾಳದ ಬಿಲ್ಲೆಯನ್ನು ನಾಲ್ಕೈದು ಸಲ ಎಳೆದರೆ ಸಾಕು. ಹೊಸಬರು ಪೌಡರ್ ಬಳಿದ ಹಾಗೆ ಬಳಿಯುತ್ತಾರೆ, ಆಮೇಲೆ ಪಿಟೀಲು ಕೆಮ್ಮುತ್ತದೆ. ನುಡಿಸಿದ ಮೇಲೆ ತಂತಿಗಳ ಮೇಲಿನ ಬಿಳಿ ಪುಡಿಯನ್ನು ಹಳೆಯ ಹತ್ತಿಬಟ್ಟೆಯಲ್ಲಿ ಒರೆಸಿ, ಕಮಾನನ್ನು ಸಡಿಲಿಸಿ ಇಡು. ಬಿಗಿಯಾಗಿಯೇ ಇಟ್ಟರೆ ಕಡ್ಡಿ ಸೊಟ್ಟಗಾಗುತ್ತದೆ.

ನುಡಿಸುವ ವಿಚಾರ. ದಿನಕ್ಕೆ ಎರಡು ಸಲ, ಹದಿನೈದು ಹದಿನೈದು ನಿಮಿಷ. ಜಾಸ್ತಿ ಬೇಡ. ನಿನ್ನ ಹಟ ನನಗೆ ಗೊತ್ತು, ಮೊದಲ ದಿನವೇ ಮೂರು ಗಂಟೆ ನಿಂತು ಭುಜ ಹಿಡಿಸಿಕೊಳ್ಳುತ್ತೀಯ. ಮೊದಲ ವಾರ ಬೆರಳು ಇಡಲೇಬೇಡ. ಕನ್ನಡಿಯ ಮುಂದೆ ನಿಂತು, ಬರಿ ತಂತಿಯ ಮೇಲೆ ಕಮಾನನ್ನು ಈ ತುದಿಯಿಂದ ಆ ತುದಿಗೆ ನಿಧಾನವಾಗಿ ಎಳಿ. ಅದು ಕುದುರೆಗೆ ಸಮಾನಾಂತರವಾಗಿ ಓಡಬೇಕು. ಬಲಗೈ ಕಿರುಬೆರಳು ಮಡಿಸಿಕೊಂಡಿರಲಿ. ಗದ್ದವನ್ನು ಒತ್ತಬೇಡ, ಸುಮ್ಮನೆ ತಲೆಯ ಭಾರ ಬಿಡು.

ಬೆರಳಿಡುವ ಹಂತ ಬಂದಾಗ ಬೇರೆ ಯಾರಿಗೂ ಇಲ್ಲದ ಅನುಕೂಲ ನಿನಗಿದೆ. ಮೊದಲು ಸ್ವರವನ್ನು ಬಾಯಲ್ಲಿ ಹಾಡು, ಆಮೇಲೆ ಬೆರಳಿನಿಂದ ಅದನ್ನು ಹುಡುಕು. ಹಾಡಿದ ಸ್ವರ ಕಿವಿಯಲ್ಲಿ ಇರುವಾಗ ಬೆರಳು ತಪ್ಪು ಜಾಗದಲ್ಲಿ ನಿಲ್ಲುವುದಿಲ್ಲ. ನನ್ನಂಥವನಿಗೆ ವರ್ಷ ಹಿಡಿದದ್ದು ನಿನಗೆ ಎರಡು ತಿಂಗಳಲ್ಲಿ ಬರುತ್ತದೆ.

ರೆಕಾರ್ಡಿಂಗಿಗೆ ಹಾಲ್ ಬೇಡ, ಅಲ್ಲಿ ಬರಿ ಗೋಡೆ, ಬರಿ ನೆಲ. ಮಲಗುವ ಕೋಣೆಯ ಬೀರುವಿನ ಬಾಗಿಲು ಎರಡೂ ತೆಗೆದು, ಬಟ್ಟೆಗಳ ಕಡೆ ಮುಖ ಮಾಡಿ ನಿಂತುಕೊ. ಬೆನ್ನ ಹಿಂದೆ ಹಾಸಿಗೆಯನ್ನು ಗೋಡೆಗೆ ಎತ್ತಿ ನಿಲ್ಲಿಸು. ಬಟ್ಟೆಯೂ ಹತ್ತಿಯೂ ದನಿಯನ್ನು ನುಂಗುತ್ತವೆ, ಬಚ್ಚಲಿನ ಗುಂಯ್ ಹೋಗುತ್ತದೆ. ಫ್ಯಾನ್ ಆರಿಸು. ಫ್ರಿಜ್ಜಿನ ಪ್ಲಗ್ ಕಿತ್ತು ಇಡು, ಮುಗಿದ ಮೇಲೆ ಮರೆಯದೆ ಹಾಕು. ಫೋನನ್ನು ಮೇಜಿನ ಮೇಲೆ ಹಾಗೇ ಇಡಬೇಡ, ಕೆಳಗೆ ಮಡಿಸಿದ ಟವೆಲ್ ಇರಲಿ. ಬಾಯಿಗೆ ನೇರ ಎದುರು ಬೇಡ, ಒಂದು ಮೊಳ ದೂರದಲ್ಲಿ, ಸ್ವಲ್ಪ ಪಕ್ಕಕ್ಕೆ. ಮೊದಲು ಪಾಠದಲ್ಲಿ ಅತಿ ಜೋರಾಗಿ ಬರುವ ಸಾಲನ್ನು ಹಾಡಿ ನೋಡು. ಅದು ಒಡೆಯದಿದ್ದರೆ ಉಳಿದದ್ದು ಒಡೆಯುವುದಿಲ್ಲ. ಪ್ರತಿ ರೆಕಾರ್ಡಿಂಗಿನ ಶುರುವಿಗೆ ಅದು ಯಾವುದು ಎಂದು ಬಾಯಿಬಿಟ್ಟು ಹೇಳು. ಇಲ್ಲದಿದ್ದರೆ ಆಮೇಲೆ ಯಾವುದು ಯಾವುದೆಂದು ಹುಡುಕಿ ಹುಚ್ಚು ಹಿಡಿಯುತ್ತದೆ. ಒಂದು ಮೆಮೊರಿ ಕಾರ್ಡಿಗೆ ಹಾಕಿ ಕಳಿಸು, ಕೇಳಿ ಹೇಳುತ್ತೇನೆ.

ಸ್ಟುಡಿಯೋ ಯಜಮಾನರು ಕರೆಯುತ್ತಿದ್ದಾರೆ. ಡ್ರಮ್ ಕೊನೆಗೂ ಬಿಗಿಯಾಯಿತಂತೆ.

ಇಂತಿ,
ಸ್ಟುಡಿಯೋದವರೆಲ್ಲ ಈಗಲೂ ‘ಕಿವಿ’ ಎಂದೇ ಕರೆಯುವ ನಾನು

ತಾ.ಕ.: ಆ ಹನ್ನೆರಡು ಹಾಡುಗಳ ವಿಷಯ ಬರೆಯಬಾರದು ಎಂದುಕೊಂಡಿದ್ದೆ. ಬರೆದಿಲ್ಲ, ನೋಡು.


ಜೂನ್ 13

ನಮಸ್ಕಾರ,

ಕಾಗದ ಬಂತು. ಕನ್ನಡಿಗೆ ಅಂಟಿಸಿಕೊಂಡಿದ್ದೇನೆ, ತಲೆ ಬಾಚುವಾಗಲೂ ನಿಮ್ಮ ಅಕ್ಷರವೇ ಕಾಣುತ್ತದೆ. ಏನು ಮಾಡುವುದು, ಬೇರೆ ಕನ್ನಡಿ ಇಲ್ಲ.

ಕಮಾನಿಗೆ ಕೂದಲು ಹಾಕಿಸಿದೆ. ತಂತಿಗಳನ್ನು ಒಂದೊಂದಾಗಿಯೇ ಬದಲಿಸಿದೆ. ಬಿರಡೆಗಳು ಹೇಳಿದ ಮಾತು ಕೇಳುತ್ತಿವೆ. ಹದಿನೈದು ನಿಮಿಷದ ನಿಯಮ ಮೊದಲ ದಿನವೇ ಮುರಿದೆ, ಭುಜವೂ ಹಿಡಿಯಿತು. ಕೆಳಗಿನ ಅಂಗಡಿಯ ದರ್ಜಿ ಎರಡು ದಿನ ಸಹಿಸಿಕೊಂಡು ಮೂರನೇ ದಿನ ಮೆಟ್ಟಿಲ ಹತ್ತಿರ ಬಂದು, “ಮೇಡಂ, ಮೇಲೆ ಬೆಕ್ಕೇನಾದ್ರೂ ಬಾಗಿಲಿಗೆ ಸಿಕ್ಕಾಕೊಂಡಿದ್ಯಾ?” ಎಂದು ಕೇಳಿದ. ನಾನು ಕೈಯಲ್ಲಿದ್ದ ಕಮಾನು ತೋರಿಸಿದೆ. ಪಾಪ, ಕೈ ಮುಗಿದು ಹೋದ.

ಮನೆಯಲ್ಲಿ ಒಂದು ಕಡೆ ನಿಂತ ನೆನಪಿಲ್ಲ. ಪಿಟೀಲು ಕೆಳಗಿಡುತ್ತೇನೆ, ಬೀರುವಿನ ಬಟ್ಟೆ ಮಡಿಸುತ್ತೇನೆ, ಪಾಠಗಳ ಪಟ್ಟಿ ಮತ್ತೆ ಬರೆಯುತ್ತೇನೆ, ಇಲ್ಲದ ಧೂಳು ಒರೆಸುತ್ತೇನೆ. ಕ್ಯಾಲೆಂಡರಿನ ಎದುರು ಹಾಯುವಾಗ ಮುಖ ಆ ಕಡೆ ತಿರುಗಿಸಿಕೊಳ್ಳುತ್ತೇನೆ. ಶಾಲೆಗೆ ರಜೆ ಹಾಕಿದ್ದೇನೆ, ಸುಮ್ಮನೆ.

ಬೆರಳಿಡುವುದು ಶುರು ಮಾಡಿದೆ. ಅವಸರ ಎಂದು ಬೈಯುತ್ತೀರಿ, ಬೈಯಿರಿ. ಮೊದಲ ತಂತಿಯ ಮೇಲೆ ಒಂದನೇ ಬೆರಳು ಸರಿ ಬರುತ್ತದೆ, ಎರಡನೆಯದು ಪ್ರತಿ ಸಲ ಬೇರೆ ಬೇರೆ ಊರಿಗೆ ಹೋಗುತ್ತದೆ. ನೀವು ಹೇಳಿದ ಉಪಾಯ ನನಗೆ ಒಗ್ಗುವುದಿಲ್ಲ. ಮೊದಲು ಹಾಡಿ ಆಮೇಲೆ ಬೆರಳಿಡುವುದು ನನಗೆ ಬೇಡ. ಹಾಡದೆ ಬೆರಳಿಡುವ ದಾರಿ ಏನಾದರೂ ಇದ್ದರೆ ಹೇಳಿಕೊಡಿ. ಇದ್ದೇ ಇರಬೇಕು. ಹಾಡಲು ಬಾರದವರೂ ಪಿಟೀಲು ಕಲಿಯುತ್ತಾರಲ್ಲ?

ಕಾರ್ಡನ್ನು ಲಕೋಟೆಯಲ್ಲಿ ಹಾಕಿದ್ದೇನೆ. ಅದರಲ್ಲಿರುವುದು ಪಿಟೀಲು ಮಾತ್ರ. ಹಾಡಿನ ಪಾಠಗಳನ್ನು ಇನ್ನೂ ಮುಟ್ಟಿಲ್ಲ. ಬೀರು, ಹಾಸಿಗೆ, ಟವೆಲ್ ಎಲ್ಲ ನೀವು ಹೇಳಿದ ಹಾಗೆಯೇ ಮಾಡಿದ್ದೇನೆ. ಶುರುವಿಗೆ ಯಾವುದೆಂದು ಹೇಳಿಯೂ ಇದ್ದೇನೆ. ಫ್ರಿಜ್ಜಿನ ಪ್ಲಗ್ ಹಾಕಲು ಮರೆತು ಹಾಲು ಒಡೆಯಿತು. ಇದು ನಿಮ್ಮ ಕಾಗದದಿಂದ ಆದ ಮೊದಲ ನಷ್ಟ.

ಇಂತಿ,
ಟೀಚರ್

ತಾ.ಕ.: ಇಪ್ಪತ್ತೇಳಕ್ಕೆ ಏನಿದೆ ಎಂದು ನೀವು ಕೇಳಿಲ್ಲ. ಕೇಳಬೇಡಿ.


ಜೂನ್ 16

ಟೀಚರಮ್ಮ,

ಕಾರ್ಡು ನಿನ್ನೆ ಬೆಳಿಗ್ಗೆ ಕೈಗೆ ಬಂತು. ಪಿಟೀಲಿನ ಬಗ್ಗೆ ಮೊದಲು ಹೇಳಿಬಿಡುತ್ತೇನೆ, ಆಮೇಲೆ ಅದು ಮರೆತುಹೋಗುತ್ತದೆ. ಕಮಾನು ನೇರವಾಗಿ ಓಡುತ್ತಿದೆ. ಎರಡನೇ ಬೆರಳು ತಗ್ಗಿಗೆ ಬೀಳುತ್ತಿದೆ, ಕೂದಲೆಳೆಯಷ್ಟು ಮೇಲಕ್ಕೆ ಸರಿಸು. ಹಾಡದೆ ಬೆರಳಿಡುವ ದಾರಿ ಇದೆ. ಪಕ್ಕದ ತಂತಿಯ ಸ್ವರವೇ ಬರುವಂತೆ ಈ ತಂತಿಯ ಮೇಲೆ ಬೆರಳಿಟ್ಟು ಕಮಾನು ಎಳಿ. ಸರಿಯಾದ ಜಾಗದಲ್ಲಿ ಇಟ್ಟಿದ್ದರೆ ಯಾರೂ ಮುಟ್ಟದ ಆ ಪಕ್ಕದ ತಂತಿ ತಾನಾಗಿಯೇ ನಡುಗುತ್ತದೆ. ಕಣ್ಣಿಗೆ ಕಾಣುವಷ್ಟು. ಆ ಒಂದು ಜಾಗ ಗಟ್ಟಿಯಾದರೆ ಉಳಿದ ಬೆರಳುಗಳನ್ನು ಅದರಿಂದ ಅಳೆದುಕೊಳ್ಳಬಹುದು.

ಇನ್ನು ನೀನು ಕೇಳಬೇಡ ಎಂದದ್ದು.

ಕಾರ್ಡಿನ ಶುರುವಿಗೆ ನೀನು ಎರಡೇ ಪದ ಹೇಳಿದ್ದೀಯ. “ಮೊದಲನೇ ಪಾಠ.” ಅದನ್ನು ಹೆಡ್‌ಫೋನ್ ಹಾಕಿಕೊಂಡು ಎಷ್ಟು ಸಲ ಕೇಳಿದೆನೋ ಗೊತ್ತಿಲ್ಲ. ಶೀತವಾದಾಗ ದನಿ ಭಾರವಾಗುತ್ತದೆ. ಇದು ಭಾರವಾಗಿಲ್ಲ, ಸೋರುತ್ತಿದೆ. ‘ಪಾ’ ಎನ್ನುವಾಗ ಸ್ವರಕ್ಕಿಂತ ಮೊದಲು ಗಾಳಿ ಬರುತ್ತಿದೆ. ಸಂಗೀತದ ಟೀಚರ್ ಐವತ್ತೆರಡಕ್ಕೆ ಪಿಟೀಲು ಹಿಡಿಯುವುದು, ಫೋನ್ ಬೇಡ ಎನ್ನುವುದು, ಹಾಡುವುದು ಬೇಡ ಎನ್ನುವುದು, ಇಪ್ಪತ್ತೇಳನೇ ತಾರೀಖು. ನಾನು ದಡ್ಡನೇ ಇರಬಹುದು, ಆದರೂ ಇಷ್ಟು ಕೂಡಿಸಲು ಬರುತ್ತದೆ. ನಿನ್ನ ಗಂಟಲಿಗೆ ಏನಾಗಿದೆ?

ನಿನ್ನೆ ಮಧ್ಯಾಹ್ನ ಕೆಲಸ ಅರ್ಧಕ್ಕೆ ಬಿಟ್ಟು ನಿಮ್ಮ ಬೀದಿಗೆ ಬಂದಿದ್ದೆ. ದರ್ಜಿಯ ಅಂಗಡಿಯ ಮುಂದೆ ಮೂರು ಸಲ ಹಾದುಹೋದೆ. ಮೂರನೇ ಸಲ ಅವನು ಅಳತೆ ಕೊಡಲು ಬಂದವನೆಂದು ತಿಳಿದು ಕರೆದ. ವಾಪಸು ಬಂದುಬಿಟ್ಟೆ.

ಇದನ್ನು ಬರೆಯಲೇಬೇಕು. ಎರಡು ವರ್ಷದ ಹಿಂದೆ ನೀನು ನಮ್ಮ ಸ್ಟುಡಿಯೋದಲ್ಲಿ ಮಕ್ಕಳ ಹಾಡುಗಳನ್ನು ಹಾಡಿದೆಯಲ್ಲ, ಆಗಲೂ ಮೇಲಿನ ಸ್ವರಗಳಲ್ಲಿ ಇದೇ ಗಾಳಿ ಇತ್ತು. ತೀರಾ ಸ್ವಲ್ಪ. ಯಜಮಾನರಿಗೆ ಕೇಳಿಸಲಿಲ್ಲ, ನಿನಗೂ ಕೇಳಿಸಲಿಲ್ಲ. ನನಗೆ ಕೇಳಿಸಿತು. ಇಷ್ಟು ವರ್ಷ ಕ್ಲಾಸಿನಲ್ಲಿ ಕೂಗಿ ಕೂಗಿ ದನಿ ಸವೆದಿದೆ ಎಂದುಕೊಂಡೆ. ಅದನ್ನು ನಿನ್ನ ಮುಖಕ್ಕೆ ಹೇಳಲು ಬಾಯಿ ಬರಲಿಲ್ಲ. ಬೇರೆ ಹುಡುಗಿಯನ್ನು ಕರೆಸಿ ಹನ್ನೆರಡನ್ನೂ ಹಾಡಿಸಿ, ನಿನ್ನ ದನಿ ತೆಗೆದು ಅವಳದನ್ನು ಕೂರಿಸಿದೆ. ಯಜಮಾನರು ಹಟ ಮಾಡಿದರು ಎಂದು ಅವತ್ತು ನಿನಗೆ ಹೇಳಿದ್ದು ಸುಳ್ಳು. ಅವರು ನಿನ್ನ ಹಾಡೇ ಚೆನ್ನಾಗಿದೆ ಎಂದಿದ್ದರು. ಮಾತೆತ್ತಿದವನು ನಾನು.

ನಿನ್ನ ಹಾಡುಗಳು ಎಲ್ಲಾದರೂ ಉಳಿದಿರಬಹುದೆಂದು ನಿನ್ನೆಯಿಂದ ಹಳೆಯ ಡಿಸ್ಕುಗಳನ್ನೆಲ್ಲ ಹುಡುಕಿದೆ. ಇಲ್ಲ. ಜಾಗ ಸಾಲದೆಂದು ನಾನೇ ಅಳಿಸಿದ್ದೇನೆ.

ಏನಾಗಿದೆ ಎಂದು ಬರಿ. ಬೈದಾದರೂ ಬರಿ.

ಕಿವಿ


ಜೂನ್ 18

ನಿಮಗೆ,

ಗಂಟಲಲ್ಲಿ ಗಡ್ಡೆ ಇದೆ, ಕೆಟ್ಟ ಜಾತಿಯದು. ಇಪ್ಪತ್ತೇಳಕ್ಕೆ ಆಪರೇಷನ್. ಧ್ವನಿಪೆಟ್ಟಿಗೆಯನ್ನು ಪೂರ್ತಿ ತೆಗೆಯುತ್ತಾರೆ. ಆಮೇಲೆ ಉಸಿರಾಡಲು ಕತ್ತಿನಲ್ಲಿ ಒಂದು ತೂತು ಇರುತ್ತದೆ. ಹಾಡು ಇರುವುದಿಲ್ಲ, ಮಾತೂ ಈಗಿನ ಹಾಗೆ ಇರುವುದಿಲ್ಲ. ವಾದ್ಯ ಕಲಿಸಬೇಕು ಎಂದು ಹೆಡ್ ಮಿಸ್ ಹೇಳಿರಲಿಲ್ಲ. ವಾದ್ಯವಾದರೂ ಬಂದರೆ ಕೆಲಸದಲ್ಲಿ ಉಳಿಯಬಹುದಾ ಎಂದು ಅವರನ್ನು ಕೇಳಿದವಳು ನಾನು. ನೋಡೋಣ ಎಂದಿದ್ದಾರೆ.

ಈಗ ನಿಮ್ಮ ವಿಷಯ.

ಆ ಹಾಡುಗಳು ಹೊರಬಂದ ದಿನ ಸ್ಟಾಫ್ ರೂಮಿನಲ್ಲಿ ಹೆಡ್ ಮಿಸ್ ಎಲ್ಲ ಟೀಚರುಗಳನ್ನೂ ಕೂರಿಸಿ, ನನ್ನನ್ನು ನಡುವಿನ ಕುರ್ಚಿಯಲ್ಲಿ ಕೂರಿಸಿ, ನಮ್ಮ ಟೀಚರ್ ಹಾಡಿದ್ದು ಕೇಳಿ ಎಂದು ಹಾಡು ಹಾಕಿದರು. ಬಂದದ್ದು ಬೇರೆ ಯಾರದೋ ದನಿ. ಯಾರೂ ನನ್ನ ಮುಖ ನೋಡಲಿಲ್ಲ. ಗಣಿತದ ಟೀಚರ್ ಮಾತ್ರ ಟೀ ಲೋಟ ನನ್ನ ಕಡೆ ಸರಿಸಿದಳು. ಹನ್ನೆರಡು ಹಾಡು ಮುಗಿಯುವವರೆಗೂ ಕೂತೆ. ಇದಕ್ಕಿಂತ ದೊಡ್ಡದನ್ನು ನೀವು ನನಗೆ ಮಾಡಲು ಸಾಧ್ಯವಿಲ್ಲ ಎಂದೇ ಇಷ್ಟು ದಿನ ತಿಳಿದಿದ್ದೆ.

ದನಿ ಯಾವಾಗಿನಿಂದ ಹೀಗಿದೆ ಎಂದು ಡಾಕ್ಟರು ಕೇಳಿದಾಗ ಎಂಟು ತಿಂಗಳು ಎಂದಿದ್ದೆ. ನಿನ್ನೆ ಪರೀಕ್ಷೆಗೆ ಹೋದಾಗ ನಿಮ್ಮ ಕಾಗದ ಚೀಲದಲ್ಲಿತ್ತು. ಎರಡು ವರ್ಷದ ಹಿಂದೆಯೇ ಒಬ್ಬರಿಗೆ ಕೇಳಿಸಿತ್ತಂತೆ, ಆಗಲೇ ಬಂದಿದ್ದರೆ ಪೂರ್ತಿ ತೆಗೆಯುವುದು ತಪ್ಪುತ್ತಿತ್ತಾ ಎಂದು ಕೇಳಿದೆ. ಆಗ ಇದೇ ಇತ್ತೋ ಬರಿ ಆಯಾಸವೋ ಈಗ ಹೇಳಲು ಬರುವುದಿಲ್ಲ, ಹಿಂದಿನದನ್ನು ಕೆದಕಬೇಡಿ ಎಂದರು. ಅವರಿಗೇನು, ಹೇಳುತ್ತಾರೆ.

ಕೆದಕದೆ ಹೇಗಿರಲಿ? ಬಸ್ಸಿನಲ್ಲಿ ನನ್ನ ಸ್ಟಾಪು ದಾಟಿ ಹೋಯಿತು. ಇಳಿದು ಎರಡು ಮೈಲಿ ನಡೆದೆ. ದಾರಿಯುದ್ದಕ್ಕೂ ನಿಮ್ಮನ್ನು ಬೈದೆ, ಬಾಯಿ ಬಿಟ್ಟೇ ಬೈದೆ, ದನಿ ಖರ್ಚಾಗುತ್ತದೆ ಎಂಬ ಭಯವೂ ಇಲ್ಲದೆ. ನನಗೆ ನೋವಾಗುತ್ತದೆ ಎಂದು ಸುಮ್ಮನಿದ್ದೆ ಎನ್ನುತ್ತೀರಿ. ನನಗೆ ನೋವಾದರೆ ಅದನ್ನು ನೋಡಬೇಕಾಗುತ್ತದೆ ಎಂದು ಸುಮ್ಮನಿದ್ದಿರಿ. ಎರಡಕ್ಕೂ ವ್ಯತ್ಯಾಸ ಇದೆ.

ಆ ಎರಡು ಪದ ಹೇಳುವಾಗ ನಿಮಗೆ ಕೇಳಿಸುತ್ತದೆ ಎಂದು ನನಗೆ ಗೊತ್ತಿತ್ತು. ಕೇಳಿಸಲಿ ಎಂದೂ ಒಳಗೆಲ್ಲೋ ಇತ್ತೇನೋ. ಪುಟ್ಟಿಗೆ ಹೇಳಿದರೆ ಅಳುತ್ತಾಳೆ, ತಂಗಿಗೆ ಹೇಳಿದರೆ ನನ್ನನ್ನು ತನ್ನ ಮನೆಗೆ ಎತ್ತಿಕೊಂಡು ಹೋಗುತ್ತಾಳೆ. ನಿಮಗಾದರೆ ಕೇಳಿಸುತ್ತದೆ ಅಷ್ಟೇ.

ಹದಿನಾಲ್ಕು ಪಾಠ ಇನ್ನೂ ಹಾಗೇ ಇವೆ. ಬೆಳಿಗ್ಗೆ ಬಿಸಿನೀರು ಕುಡಿದ ಮೇಲೆ ಒಂದು ಗಂಟೆ ದನಿ ಸುಮಾರಾಗಿ ನಿಲ್ಲುತ್ತದೆ. ಆದರೆ ಆ ಹೊತ್ತಿಗೇ ಬೀದಿಯಲ್ಲಿ ಹಳೇ ಪೇಪರಿನವನು, ಗ್ಯಾಸ್ ಗಾಡಿ, ಸ್ಕೂಟರು. ನಾಲ್ಕು ದಿನದಿಂದ ಒಂದೂ ಪಾಠ ಪೂರ್ತಿಯಾಗಿಲ್ಲ. ಶನಿವಾರ ಬೆಳಿಗ್ಗೆ ಎಂಟಕ್ಕೆ ಬನ್ನಿ. ಮೇಲೆ ಬರಬೇಡಿ. ಬೀದಿಯಲ್ಲಿ ನಿಂತು ಒಂದು ಗಂಟೆ ಎಲ್ಲರನ್ನೂ ಸುಮ್ಮನಿರಿಸಿ. ಮೈಕು ತರಬೇಡಿ. ರೆಕಾರ್ಡ್ ಮಾಡುವುದು ನಾನೇ, ಯಾವುದು ಇರಬೇಕು ಯಾವುದು ಹೋಗಬೇಕು ಎಂದು ಹೇಳುವವಳೂ ನಾನೇ.

ಟೀಚರ್

ತಾ.ಕ.: ಕ್ಷಮಿಸಿದ್ದೇನೆ ಎಂದು ಇದರ ಅರ್ಥ ಅಲ್ಲ. ಬೀದಿ ಗಲಾಟೆ ಜಾಸ್ತಿ ಎಂದು ಅರ್ಥ.


ಜೂನ್ 19

ಟೀಚರಮ್ಮ,

ಬರುತ್ತೇನೆ. ಏಳೂವರೆಗೇ ಇರುತ್ತೇನೆ. ಮೇಲೆ ಬರುವುದಿಲ್ಲ, ಮೈಕು ತರುವುದಿಲ್ಲ.

ವ್ಯತ್ಯಾಸ ಇದೆ ಎಂದಿದ್ದೀಯ. ಇದೆ. ನೀನು ಬರೆದದ್ದೇ ಸರಿ.

ಮೊದಲು ಕಷ್ಟದ ಪಾಠಗಳನ್ನು ಹಾಡು, ದನಿ ಹೊಸದಾಗಿ ಇರುವಾಗ. ಸುಲಭದ್ದು ಕೊನೆಗೆ. ನಡುನಡುವೆ ಒಂದು ಗುಟುಕು ನೀರು. ತಪ್ಪಿದರೆ ನಿಲ್ಲಿಸಬೇಡ, ಆ ಸಾಲನ್ನು ಮಾತ್ರ ಇನ್ನೊಮ್ಮೆ ಹಾಡಿ ಮುಂದಕ್ಕೆ ಹೋಗು.

ಕಿವಿ


ಆಗಸ್ಟ್ 9

ನಮಸ್ಕಾರ,

ಆರು ವಾರದ ಮೇಲೆ ಪೆನ್ನು ಹಿಡಿದಿದ್ದೇನೆ. ಆಸ್ಪತ್ರೆಯಲ್ಲಿ ಬರೆದದ್ದೆಲ್ಲ ಪುಟ್ಟಿ ಕೊಟ್ಟ ಸ್ಲೇಟಿನ ಮೇಲೆ, ಅದೂ ಬರಿ ‘ನೀರು’, ‘ಕಿಟಕಿ’, ‘ನೀನು ಊಟ ಮಾಡು’. ಬಾಗಿಲ ಹತ್ತಿರ ನೀವು ಬಂದು ನಿಂತು ಹೋಗುತ್ತಿದ್ದದ್ದು ಗೊತ್ತಿದೆ. ಒಳಗೆ ಬನ್ನಿ ಎಂದು ಸ್ಲೇಟಿನ ಮೇಲೆ ಬರೆದು ಎತ್ತಿ ಹಿಡಿಯುವಷ್ಟರಲ್ಲಿ ನೀವು ಹೊರಟುಬಿಡುತ್ತಿದ್ದಿರಿ. ಒಂದು ಸಲ ಬರೆಯಲೂ ಇಲ್ಲ, ಅದನ್ನೂ ಹೇಳಿಬಿಡುತ್ತೇನೆ.

ಗಡ್ಡೆ ಪೂರ್ತಿ ಹೊರಗೆ ಬಂದಿದೆಯಂತೆ. ಪಕ್ಕಕ್ಕೆ ಹರಡಿಲ್ಲ. ಆರು ತಿಂಗಳಿಗೊಮ್ಮೆ ನೋಡುತ್ತಾರೆ. ಗಂಟಲಿಗೆ ಒಂದು ಯಂತ್ರ ಒತ್ತಿಕೊಂಡು ಮಾತಾಡಬಹುದು ಎಂದು ತೋರಿಸಿದರು. ಅದರ ದನಿ ಹಳೇ ರೇಡಿಯೋ ಸ್ಟೇಷನ್ ಹುಡುಕುವಾಗಿನ ಹಾಗಿದೆ. ಕಲಿಯುತ್ತೇನೆ. ಕತ್ತಿನ ತೂತಿನ ಮೇಲೆ ತೆಳ್ಳಗಿನ ಬಟ್ಟೆ ಕಟ್ಟಿಕೊಂಡಿರುತ್ತೇನೆ. ಪುಟ್ಟಿ ತರಹೇವಾರಿ ಬಣ್ಣದ್ದು ತಂದಿದ್ದಾಳೆ, ಕೆಳಗಿನ ದರ್ಜಿ ಅಂಚು ಹೊಲಿದುಕೊಟ್ಟ. ಅವಳಿಗೆ ಎಲ್ಲ ಗೊತ್ತಾಗಿ ಮೂರು ದಿನ ಮಾತು ಬಿಟ್ಟಿದ್ದಳು. ಮಾತು ಬಿಡಲು ನನಗೆ ಬರುವುದಿಲ್ಲವಲ್ಲ ಇನ್ನು, ಅವಳೇ ಸೋತಳು.

ಆ ಶನಿವಾರದ ವಿಷಯ ನಿಮಗೆ ನಾನು ಹೇಳಲೇ ಇಲ್ಲ. ನೀವು ಕೆಳಗಿದ್ದಿರಿ, ನನಗೆ ಕಿಟಕಿಯಿಂದ ನಿಮ್ಮ ತಲೆ ಮಾತ್ರ ಕಾಣುತ್ತಿತ್ತು. ಕೂದಲು ಇಷ್ಟು ಬೆಳ್ಳಗಾಗಿದೆ ಎಂದು ಗೊತ್ತಿರಲಿಲ್ಲ. ಬೀರುವಿನ ಮುಂದೆ ನಿಂತಾಗ ಮೊದಲ ಎರಡು ಸಲ ಬಟನ್ ಒತ್ತಿದ್ದೇ ಬೇರೆ. ಮೂರನೇ ಸಲ ಸರಿಹೋಯಿತು. ಕಷ್ಟದ ಪಾಠ ಮೊದಲು ಹಾಡಿದೆ. ದನಿ ಅಲ್ಲಲ್ಲಿ ಸೋರಿತು, ಬಿಟ್ಟೆ. ಒಂಬತ್ತನೆಯ ಪಾಠದಲ್ಲಿ ಏರುವ ಕಡೆ ಹೇಗೋ ಚೊಕ್ಕವಾಗಿ ನಿಂತುಬಿಟ್ಟಿತು. ಮೂವತ್ತು ವರ್ಷದ ಹಿಂದೆ ನಿಲ್ಲುತ್ತಿದ್ದ ಹಾಗೆ. ಇನ್ನೊಂದು ಸಲ ಹಾಡಿ ನೋಡೋಣ ಎನ್ನಿಸಿತು, ಹಾಡಲಿಲ್ಲ. ಹದಿನಾಲ್ಕೂ ಮುಗಿದಾಗ ಒಂಬತ್ತೂ ಕಾಲು. ಫ್ರಿಜ್ಜಿನ ಪ್ಲಗ್ ಹಾಕಿದೆ. ಆಮೇಲೆ ಬಟ್ಟೆಗಳ ನಡುವೆ ಮುಖ ಇಟ್ಟು ಸ್ವಲ್ಪ ಹೊತ್ತು ನಿಂತಿದ್ದೆ. ಕಿಟಕಿಗೆ ಬಂದಾಗ ನೀವು ಇನ್ನೂ ನಿಂತೇ ಇದ್ದಿರಿ. ಕೈ ಬೀಸಿದೆ, ಹೋಗಿ ಎಂದು. ನಿಮಗೆ ಅದು ಬನ್ನಿ ಎಂದು ಕಂಡಿತೋ ಏನೋ, ಒಂದು ಮೆಟ್ಟಿಲು ಹತ್ತಿ ಮತ್ತೆ ಇಳಿದಿರಿ.

ಪಿಟೀಲನ್ನು ಗದ್ದಕ್ಕೆ ಇಡಲು ಇನ್ನೂ ಮೂರು ವಾರ ಬೇಡ ಎಂದಿದ್ದಾರೆ. ರಾಳದ ಪುಡಿಯೂ ಉಸಿರಿಗೆ ಹೋಗಬಾರದು. ಅದಕ್ಕೆ ಮಡಿಲಲ್ಲಿ ಇಟ್ಟುಕೊಂಡು ಬೆರಳಿನಿಂದ ಮೀಟುತ್ತೇನೆ. ಮೊನ್ನೆ ಬೆಳಿಗ್ಗೆ, ಯಾರೂ ಮನೆಯಲ್ಲಿ ಇಲ್ಲದಾಗ, ನೀವು ಹೇಳಿದ ಜಾಗದಲ್ಲಿ ಬೆರಳಿಟ್ಟು ಮೀಟಿದೆ. ಪಕ್ಕದ ತಂತಿ ನಡುಗಿತು. ಮೊದಲು ನಂಬಲಿಲ್ಲ, ಕಿಟಕಿಯ ಗಾಳಿಗಿರಬೇಕು ಎಂದು ಕಿಟಕಿ ಮುಚ್ಚಿ ಮತ್ತೆ ಮೀಟಿದೆ. ಮತ್ತೆ ನಡುಗಿತು. ಅರ್ಧ ಗಂಟೆ ಅದನ್ನೇ ಮಾಡಿದೆ. ಹದಿನೈದು ನಿಮಿಷ ಎಂದು ಬೈಯಬೇಡಿ.

ಶಾಲೆ ಮುಂದಿನ ತಿಂಗಳಿನಿಂದ ವಾರಕ್ಕೆ ಎರಡು ದಿನ ಬರಲು ಹೇಳಿದೆ. ಮಕ್ಕಳು ನನ್ನ ರೆಕಾರ್ಡಿಂಗ್ ಜೊತೆ ಹಾಡುತ್ತಾರೆ, ನಾನು ತಾಳ ತಟ್ಟಬೇಕು, ತಪ್ಪಿದವರ ಕಡೆ ಕಣ್ಣು ಬಿಡಬೇಕು. ಕಣ್ಣು ಬಿಡುವುದಕ್ಕೆ ದನಿ ಬೇಕಾಗಿಲ್ಲ. ಪಿಟೀಲು ಮಾತ್ರ ಬೇಗ ಬರಬೇಕು. ನನ್ನ ಎರಡನೇ ಬೆರಳು ಈಗ ಎಲ್ಲಿದೆ ಎಂದು ನನಗೆ ಹೇಳುವವರು ಯಾರೂ ಇಲ್ಲ. ಭಾನುವಾರ ಬೆಳಿಗ್ಗೆ ಮೇಲೆ ಬಂದು ಕೇಳಿ. ಚೆನ್ನಾಗಿದೆ ಎಂದು ಹೇಳುವುದಕ್ಕಾದರೆ ಬರಬೇಡಿ. ಇಲ್ಲಿ ತಗ್ಗು, ಇಲ್ಲಿ ಏರು, ಇಲ್ಲಿ ಕೆಟ್ಟಿದೆ ಎಂದು ನನ್ನ ಮುಖ ನೋಡಿಕೊಂಡು ಹೇಳಬೇಕು. ನನಗೆ ಸಿಟ್ಟು ಬಂದರೆ ಸ್ಲೇಟಿದೆ.

ಮನಸ್ಸು ಇನ್ನೂ ಒಂದು ಕಡೆ ನಿಲ್ಲುವುದಿಲ್ಲ. ಕೋಣೆಯಿಂದ ಕೋಣೆಗೆ ಓಡಾಡುತ್ತಲೇ ಇರುತ್ತೇನೆ. ಆದರೆ ಈಗ ಕೈಯಲ್ಲಿ ಏನಾದರೂ ಇರುತ್ತದೆ.

ಇಂತಿ,
ಟೀಚರ್

ತಾ.ಕ.: ಮೂರನೇ ಪಾಠದ ಕೊನೆಯಲ್ಲಿ, ನಾನು ಸ್ವರ ಹಿಡಿದು ನಿಲ್ಲಿಸಿದ ಮೇಲಿನ ಖಾಲಿ ಜಾಗದಲ್ಲಿ, ಬೀದಿಯ ಮಾತು ಸೇರಿಕೊಂಡಿದೆ. ಹಳೇ ಪೇಪರಿನವನು ಕೇಳುತ್ತಾನೆ, “ಸುಮ್ನಿರು ಅನ್ನೋಕೆ ನೀವ್ಯಾರು ಸಾರ್?” ನೀವು ಹೇಳುತ್ತೀರಿ, “ಈ ಮನೆಯವನು.” ಸ್ವಲ್ಪ ತಡೆದು, “ಆಗಿದ್ದೆ.” ಹೆಡ್ ಮಿಸ್‌ಗೆ ಕೊಡುವ ಮೊದಲು ಅದನ್ನು ಕತ್ತರಿಸಬೇಕಾ ಎಂದು ಎರಡು ದಿನ ಯೋಚಿಸಿದೆ. ಹಾಗೇ ಕೊಟ್ಟಿದ್ದೇನೆ. ಕೊನೆಯ ಪದ ಹೇಗೂ ಅಷ್ಟು ಸರಿಯಾಗಿ ಕೇಳಿಸುವುದಿಲ್ಲ.